ಅಪ್ಪನ ಫೋನ್ ಪರ್ಸ್ ಆಗಲಿ, ಬೀರು ಆಗುವುದು ಬೇಡ

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಅಮ್ಮನ ಜೊತೆ ಸಾಗರದಲ್ಲಿದ್ದಾರೆ. ನಾನು ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ನಾನೇ ಸ್ಮಾರ್ಟ್‌ಫೋನ್ ಕೊಡಿಸಿ ಯುಪಿಐ ಹಾಕಿಕೊಟ್ಟಿದ್ದೆ. ಚೆನ್ನಾಗಿಯೇ ಬಳಸುತ್ತಿದ್ದರು. ಕಳೆದ ಮಳೆಗಾಲದಲ್ಲಿ "ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಆಗುತ್ತದೆ" ಅಂತ ಒಂದು ಮೆಸೇಜ್ ಬಂತು. ಅದರಲ್ಲಿದ್ದ ನಂಬರ್‌ಗೆ ಅಪ್ಪ ಫೋನ್ ಮಾಡಿದರು. ಆ ಕಡೆಯವನು ಒಂದು ಆಪ್ ಹಾಕಿಸಿದ. ಒಂದು ಫಾರಂ ಕಳಿಸಿ, 10 ರೂಪಾಯಿ ಕಟ್ಟಿದರೆ ಸರಿಯಾಗುತ್ತದೆ ಅಂದ. ಅಪ್ಪ ಎಟಿಎಂ ಕಾರ್ಡಿನ ನಂಬರ್, ಹಿಂದಿರುವ ಮೂರು ಅಂಕಿ ಎಲ್ಲ ತುಂಬಿದರು. ಎರಡು ಸಲವಾಗಿ 49,000 ರೂಪಾಯಿ ಹೋಯಿತು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ.

ಅವತ್ತಿನಿಂದ ಸ್ಮಾರ್ಟ್‌ಫೋನ್ ಆಫ್ ಆಗಿ ಡ್ರಾಯರಿನಲ್ಲಿದೆ. ಕೀಪ್ಯಾಡ್ ಫೋನ್ ಸಾಕು ಅನ್ನುತ್ತಾರೆ. "ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರೋ ಮನೆಯವನು ನಾನು. ಬಾಕಿ ಇದೆ ಅಂದರೆ ನಂಬಿದೆನಲ್ಲ" ಅಂತ ಇವತ್ತಿಗೂ ಕೊರಗುತ್ತಾರೆ. ಮಂಡಿನೋವು ಬೇರೆ. ಹಾಗಾಗಿ ಹೊಸ ಎಟಿಎಂ ಕಾರ್ಡನ್ನು ಪಕ್ಕದ ಮನೆ ಹುಡುಗನಿಗೆ ಕೊಟ್ಟು ದುಡ್ಡು ತರಿಸುತ್ತಾರೆ. ಅಂಗಡಿಯಲ್ಲಿ ಚಿಲ್ಲರೆಗೆ ಪರದಾಟ. ಯುಪಿಐಗೆ ಖಾತೆ ಸೇರಿಸಿದರೆ ಪಿಂಚಣಿಯೆಲ್ಲ ಒಂದು ದಿನ ಮಾಯವಾಗುತ್ತದೆ ಅಂತ ಚಿಕ್ಕಪ್ಪ ಹೆದರಿಸಿದ್ದಾರೆ. ಮತ್ತೆ ಶುರು ಮಾಡಿಸುವುದು ಸುರಕ್ಷಿತವೇ? ಒತ್ತಾಯ ಮಾಡಬಹುದೇ?

ಉತ್ತರ: ನಾನು 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಹಿರಿಯರಿಗೆ ಫೋನಿನಲ್ಲಿ ಹಣ ಕಳಿಸುವುದನ್ನು ಕಲಿಸುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಸಂಕಟ ಕೊಟ್ಟದ್ದು 49,000 ಅಲ್ಲ, ಆ ನಾಲ್ಕು ದಿನ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ತಮ್ಮ ಮನೆಯವರಿಗೇ ಹೇಳಲಾಗದೆ ನಾಲ್ಕು ರಾತ್ರಿ ಕಳೆದರಲ್ಲ. ಮೋಸಗಾರರಿಗೆ ಅತಿ ಹೆಚ್ಚು ಲಾಭ ಆಗುವುದು ಈ ಮೌನದಿಂದಲೇ. ಆದ್ದರಿಂದ ಫೋನಿನ ಮಾತಿಗೆ ಮೊದಲು ಇದನ್ನು ಅವರಿಗೆ ಓದಿ ಹೇಳಿ: ಅದೇ 9.30ರ ಮೆಸೇಜ್ ದೇಶದ ಮೂಲೆಮೂಲೆಗೂ ಹೋಗಿದೆ. ಅದಕ್ಕೆ ಸಿಕ್ಕವರಲ್ಲಿ ಇಂಜಿನಿಯರುಗಳೂ ಇದ್ದಾರೆ, ಬ್ಯಾಂಕಿನವರೂ ಇದ್ದಾರೆ. ಕತ್ತಲಾಗುವ ಹೊತ್ತಿಗೆ, ಆಫೀಸು ಮುಚ್ಚಿದ ಮೇಲೆ, ಮನೆಯಲ್ಲಿ ಇಬ್ಬರೇ ವಯಸ್ಸಾದವರು ಇರುವಾಗ ಬರುವ ಮೆಸೇಜ್ ಅದು. ಯೋಚನೆ ಮಾಡಲು ಸಮಯ ಸಿಗಬಾರದು ಅಂತಲೇ ಆ ಗಂಟೆ ಹಾಕಿರುತ್ತಾರೆ. ಸೊನ್ನೆ ಬಿಲ್ಲಿನ ನೆನಪು ಅವರಿಗೆ ಬರದೇ ಹೋದದ್ದು ಅದಕ್ಕೇ, ದಡ್ಡತನದಿಂದಲ್ಲ.

ಈಗ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನೀವು ಬರೆದಿರುವ ಪ್ರಕಾರ ನಿಮ್ಮ ತಂದೆಯ ಹಣ ಹೋದದ್ದು ಯುಪಿಐ ದಾರಿಯಿಂದ ಅಲ್ಲ, ಡೆಬಿಟ್ ಕಾರ್ಡಿನ ದಾರಿಯಿಂದ. ಆ ಕಡೆಯವನು ಹಾಕಿಸಿದ ಆಪ್ ನಿಮ್ಮ ತಂದೆಯ ಫೋನಿನ ಪರದೆಯನ್ನು ಅವನಿಗೆ ತೋರಿಸುವಂಥದ್ದು. ಅಂಥ ಆಪ್‌ಗಳು ಕಂಪ್ಯೂಟರ್ ರಿಪೇರಿಯಂಥ ಒಳ್ಳೆಯ ಕೆಲಸಕ್ಕೆ ಬಂದವು. ಫಾರಂನಲ್ಲಿ ಕಾರ್ಡಿನ ವಿವರ ಸಿಕ್ಕಿತು. ಬ್ಯಾಂಕಿನಿಂದ ಬಂದ ಒಟಿಪಿ ಪರದೆಯ ಮೇಲೆ ಕಂಡಿತು. ಅಷ್ಟು ಸಾಕು. ಯುಪಿಐ ಪಿನ್ ಅವನಿಗೆ ಬೇಕಾಗಲೇ ಇಲ್ಲ. ಅಂದರೆ ಸ್ಮಾರ್ಟ್‌ಫೋನನ್ನು ಡ್ರಾಯರಿಗೆ ಹಾಕಿದರೂ ಹಣ ಸೋರಿದ ಬಾಗಿಲು ಇನ್ನೂ ತೆರೆದೇ ಇರಬಹುದು. ಹೊಸ ಕಾರ್ಡಿನಲ್ಲಿ ಆನ್‌ಲೈನ್ ಖರೀದಿ ಆನ್ ಆಗಿದೆಯೋ ಆಫ್ ಆಗಿದೆಯೋ ಇವತ್ತೇ ನೋಡಿ. ಆರ್‌ಬಿಐ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡು ಬರುವಾಗ ದೇಶದೊಳಗಿನ ಎಟಿಎಂಗೆ ಮತ್ತು ಅಂಗಡಿಯ ಸ್ವೈಪ್ ಯಂತ್ರಕ್ಕೆ ಮಾತ್ರ ಚಾಲೂ ಇರಬೇಕು. ಆನ್‌ಲೈನ್ ಬಳಕೆ ಬೇಕಾದರೆ ನಾವೇ ಆನ್ ಮಾಡಿಕೊಳ್ಳಬೇಕು, ಬೇಡವಾದಾಗ ಆಫ್ ಮಾಡಬಹುದು, ದಿನದ ಮಿತಿಯನ್ನೂ ಇಳಿಸಬಹುದು. ಎಷ್ಟೋ ಮನೆಗಳಲ್ಲಿ ಮಕ್ಕಳು ಒಮ್ಮೆ ರೈಲು ಟಿಕೆಟ್‌ಗೋ ಇನ್ನೊಂದಕ್ಕೋ ಅಂತ ಆನ್ ಮಾಡಿ ಹಾಗೇ ಬಿಟ್ಟಿರುತ್ತಾರೆ. ಪಿಂಚಣಿ ಖಾತೆಯ ಕಾರ್ಡಿಗೆ ಆನ್‌ಲೈನ್ ಬಳಕೆ ಬೇಕೇ ಇಲ್ಲ.

ಚಿಕ್ಕಪ್ಪ ಹೇಳಿದ್ದರಲ್ಲಿ ಅರ್ಧ ತಪ್ಪಿದೆ, ಅರ್ಧ ಸರಿಯಿದೆ. ಯುಪಿಐಗೆ ಖಾತೆ ಸೇರಿಸಿದ ಮಾತ್ರಕ್ಕೆ ಯಾರೂ ದೂರದಿಂದ ಹಣ ಎಳೆದುಕೊಳ್ಳಲು ಆಗುವುದಿಲ್ಲ. ಖಾತೆಗೆ ನೋಂದಾಯಿಸಿದ ಸಿಮ್ ಆ ಫೋನಿನಲ್ಲೇ ಇರಬೇಕು. ಮೇಲೆ ಪಿನ್ ಬೇಕು. 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 2,000 ಕೋಟಿಗೂ ಜಾಸ್ತಿ ಸಲ ಯುಪಿಐ ವಹಿವಾಟು ನಡೆದಿದೆ. ಸುಮ್ನೆ ಖಾತೆ ಸೇರಿಸಿದ್ದಕ್ಕೇ ಹಣ ಹೋಗುವಂತಿದ್ದರೆ ಇಷ್ಟು ಜನ ಬಳಸುತ್ತಿರಲಿಲ್ಲ. ಆದರೆ ಅವರ ಭಯದ ಬೇರು ಸರಿಯಾದ ಜಾಗದಲ್ಲೇ ಇದೆ. ಒಬ್ಬ ಮನುಷ್ಯನನ್ನು ಹೆದರಿಸಿ ಅವನ ಕೈಯಿಂದಲೇ ಪಿನ್ ಒತ್ತಿಸಿದರೆ, ಆ ಪಿನ್‌ಗೆ ಸೇರಿದ ಖಾತೆಯಿಂದ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದವರೆಗೆ ಹೋಗಬಹುದು. ಹಾಲಿಗೆ, ತರಕಾರಿಗೆ, ಆಟೋಗೆ ಕೊಡುವ ಫೋನಿಗೆ ಅಷ್ಟು ದೊಡ್ಡ ಖಾತೆ ಯಾಕೆ ಬೇಕು?

ಕೀಪ್ಯಾಡ್ ಫೋನ್ ಇದ್ದರೆ ಭಯವಿಲ್ಲ ಅನ್ನುವ ಮಾತಿಗೂ ಉತ್ತರ ಹೇಳಬೇಕು. ಪರದೆ ಕದಿಯುವ ಆಪ್‌ಗಳಿಂದ, ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತಲೋ ಗಾಡಿಯ ದಂಡ ಅಂತಲೋ ಬರುವ, ಒತ್ತಿದರೆ ಫೋನಿಗೆ ಆಪ್ ಹಾಕಿಬಿಡುವ ಎಪಿಕೆ ಫೈಲುಗಳಿಂದ ಅದು ನಿಜವಾಗಿ ಕಾಪಾಡುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಒಟಿಪಿಯನ್ನು ಬಾಯಲ್ಲಿ ಓದಿ ಹೇಳಲು ಕೀಪ್ಯಾಡ್ ಫೋನೇ ಸಾಕಲ್ವಾ? ನಾನು ಕೆಲಸದಲ್ಲಿದ್ದಾಗ ಒಬ್ಬ ಅಮ್ಮ ಬ್ಯಾಂಕಿಗೆ ಬಂದರು. ಯುಪಿಐ ಇಲ್ಲ, ನೆಟ್ ಬ್ಯಾಂಕಿಂಗ್ ಇಲ್ಲ. ಎಫ್‌ಡಿ ಮುರಿಸಿ, ಎಂದೂ ಕೇಳದ ಒಬ್ಬರ ಖಾತೆಗೆ ಆರ್‌ಟಿಜಿಎಸ್ ಮಾಡಿ ಅಂದರು. ಕೈ ನಡುಗುತ್ತಿತ್ತು. ಸೆರಗಿನ ಮರೆಯಲ್ಲಿ ಫೋನ್ ಚಾಲೂ ಇತ್ತು. ಕ್ಯಾಬಿನ್‌ಗೆ ಕರೆದು, ನೀರು ಕೊಟ್ಟು, ಫೋನ್ ಇಸಕೊಂಡು ಕಟ್ ಮಾಡಿದೆ. ಆಮೇಲೆ ಅರ್ಧ ಗಂಟೆ ಅತ್ತರು. ಆ ಕಡೆಯವನು ಪೊಲೀಸ್ ಅಂತ ಹೇಳಿಕೊಂಡು, ನಿಮ್ಮ ಹೆಸರಿನಲ್ಲಿ ಕೇಸಾಗಿದೆ ಅಂತ ಬೆಳಗಿನಿಂದ ಹಿಡಿದಿಟ್ಟಿದ್ದ. 'ಡಿಜಿಟಲ್ ಅರೆಸ್ಟ್' ಅನ್ನುವುದು ಇದನ್ನೇ. 2024ರ ಅಕ್ಟೋಬರ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರೇ, ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ ಅಂತ ಹೇಳಿದ್ದು ನಿಮಗೆ ನೆನಪಿರಬಹುದು. ಅವತ್ತು ಆ ಅಮ್ಮನ ಕೈಯಲ್ಲಿದ್ದ ತಂತ್ರಜ್ಞಾನ ಒಂದು ಚೆಕ್ ಪುಸ್ತಕ, ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯ ಇದು. ಫೋನ್ ಬೇಕೋ ಬೇಡವೋ ಅನ್ನುವುದಕ್ಕಿಂತ ಫೋನಿಗೆ ಎಷ್ಟು ಹಣ ಒಪ್ಪಿಸುತ್ತೇವೆ ಅನ್ನುವುದು ಮುಖ್ಯ. ಸಂತೆಗೆ ಹೋಗುವಾಗ ನಿಮ್ಮ ತಂದೆ ಬೀರುವಿನಲ್ಲಿದ್ದ ಹಣವನ್ನೆಲ್ಲ ಜೇಬಿಗೆ ಹಾಕಿಕೊಂಡು ಹೋದವರಲ್ಲ. ಬೇಕಾದಷ್ಟು ಪರ್ಸಿನಲ್ಲಿಟ್ಟುಕೊಂಡು, ಉಳಿದದ್ದಕ್ಕೆ ಬೀಗ ಹಾಕಿಯೇ ಹೊರಟವರು. ನಾವು ಮಕ್ಕಳು ಯುಪಿಐ ಹಾಕಿಕೊಡುವಾಗ ಪಿಂಚಣಿ ಖಾತೆಯನ್ನೇ ಸೇರಿಸಿ, ಇಡೀ ಬೀರುವನ್ನೇ ಅವರ ಜೇಬಿಗೆ ತುರುಕಿಬಿಟ್ಟೆವು. ಇದು ನಮ್ಮ ತಪ್ಪು, ಅವರದ್ದಲ್ಲ.

ಇದನ್ನು ಸರಿಮಾಡುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಹತ್ತಿರ ಬರುವ ಹಿರಿಯರಿಗೆಲ್ಲ ನಾನು ಮಾಡಿಸುವುದೂ ಇದನ್ನೇ. ಇನ್ನೊಂದು ಬ್ಯಾಂಕಿನಲ್ಲಿ ಅಪ್ಪನ ಹೆಸರಿನಲ್ಲೇ ಒಂದು ಸಣ್ಣ ಉಳಿತಾಯ ಖಾತೆ ತೆರೆಯಿರಿ. ಖಾತೆಯಲ್ಲಿ ಕನಿಷ್ಠ ಹಣ ಇಲ್ಲ ಅಂತ ದಂಡ ಹಾಕದ ಬ್ಯಾಂಕ್ ಆರಿಸಿಕೊಳ್ಳಿ. ಸ್ಟೇಟ್ ಬ್ಯಾಂಕ್ 2020ರಲ್ಲೇ ಈ ದಂಡವನ್ನು ಕೈಬಿಟ್ಟಿದೆ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಬಿಟ್ಟಿದೆ. ಆ ಖಾತೆಯಲ್ಲಿ ಮೂರು, ನಾಲ್ಕು ಸಾವಿರಕ್ಕಿಂತ ಜಾಸ್ತಿ ಇರುವುದು ಬೇಡ. ತಿಂಗಳಿಗೊಮ್ಮೆ ಪಿಂಚಣಿ ಖಾತೆಯಿಂದ ಅಷ್ಟು ಹಣ ತಾನಾಗೇ ಬರುವಂತೆ ಬ್ಯಾಂಕಿನಲ್ಲಿ ಒಂದು ಅರ್ಜಿ ಬರೆದುಕೊಟ್ಟರೆ ಆಯಿತು.

ಇನ್ನು ಮೊಬೈಲ್ ನಂಬರ್. ಜನ ಮರೆಯುವುದು ಇಲ್ಲೇ. ಎರಡೂ ಖಾತೆಗೆ ಒಂದೇ ನಂಬರ್ ಕೊಟ್ಟರೆ, ಇವತ್ತಲ್ಲ ನಾಳೆ ಪಿಂಚಣಿ ಖಾತೆಯೂ ಅದೇ ಸ್ಮಾರ್ಟ್‌ಫೋನಿಗೆ ಬಂದು ಸೇರುತ್ತದೆ. ಅಪ್ಪ ಇಷ್ಟಪಡುವ ಕೀಪ್ಯಾಡ್ ಫೋನ್ ಇದೆಯಲ್ಲ, ಪಿಂಚಣಿ ಖಾತೆಯ ನಂಬರ್ ಅದರಲ್ಲೇ ಇರಲಿ. ಒಟಿಪಿ, ಹಣ ಬಂದ ಮೆಸೇಜು ಎಲ್ಲ ಅಲ್ಲಿಗೇ ಬರುತ್ತದೆ. ಸ್ಮಾರ್ಟ್‌ಫೋನಿನಲ್ಲಿ ಯಾವ ಆಪ್ ಕೂತರೂ ಅದನ್ನು ಓದಲು ಆಗುವುದಿಲ್ಲ. ಸ್ಮಾರ್ಟ್‌ಫೋನಿಗೆ ಬೇರೆ ಸಿಮ್ ಹಾಕಿ, ಸಣ್ಣ ಖಾತೆಗೆ ಆ ನಂಬರ್ ಕೊಡಿ. ಅವರು ಹೆದರಿ ಆರಿಸಿಕೊಂಡ ಕೀಪ್ಯಾಡ್ ಫೋನ್ ಹೀಗೆ ಬೀರುವಿನ ಬೀಗದ ಕೈ ಆಗುತ್ತದೆ. ಇದರ ಒಂದು ಅಪಾಯವನ್ನೂ ಹೇಳಿಬಿಡುತ್ತೇನೆ: ಎರಡು ಸಿಮ್ಮಿಗೂ ರೀಚಾರ್ಜ್ ತಪ್ಪಬಾರದು. ಮೂರು ತಿಂಗಳು ಬಳಸದೆ ಬಿಟ್ಟ ನಂಬರ್ ರದ್ದಾಗಿ ಮುಂದೆ ಇನ್ನೊಬ್ಬರ ಕೈಗೆ ಹೋಗಬಹುದು. ಪಿಂಚಣಿಯ ಮೆಸೇಜು ಬೇರೆಯವರ ಫೋನಿಗೆ ಹೋಗುವಂತಾಗಬಾರದು.

ಪಿನ್ ಬಗ್ಗೆ ಅಪ್ಪನಿಗೆ ಒಂದೇ ವಾಕ್ಯ ಸಾಕು: ಹಣ ಬರಬೇಕಾದಾಗ ಪಿನ್ ಬೇಡ. ಹಣ ಹೋಗಬೇಕಾದಾಗ, ಖಾತೆಯಲ್ಲಿ ಎಷ್ಟು ಹಣವಿದೆ ಅಂತ ನೋಡಬೇಕಾದಾಗ ಮತ್ತು ತಿಂಗಳು ತಿಂಗಳು ತಾನಾಗೇ ಕಡಿತವಾಗಲಿ ಅಂತ ಒಪ್ಪಿಗೆ ಕೊಡುವಾಗ ಮಾತ್ರ ಪಿನ್. "ನಿಮಗೆ ಹಣ ಬರುತ್ತದೆ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದವರು ಯಾರೇ ಆಗಲಿ ಮೋಸಗಾರರೇ. ಮೊದಲು "ಹಣ ಕೊಡಿ" ಅನ್ನುವ ಕೋರಿಕೆ ಕಳಿಸಿ, ಬರುವ ಹಣ ಅಂತ ನಂಬಿಸಿ ದೋಚುತ್ತಿದ್ದರು. 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಅಂಥ ಕೋರಿಕೆ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ಒಳ್ಳೆಯ ಕೆಲಸ, ತಡವಾಯಿತು.

ಹಿರಿಯರು ನಿಜವಾಗಿ ಎಡವುವ ಇನ್ನೊಂದು ಜಾಗ ಇದೆ. ಅದರ ಮಾತು ಯಾರೂ ಆಡುವುದಿಲ್ಲ. ಅಂಗಡಿಯಲ್ಲಿ ಸ್ಕ್ಯಾನ್ ಮಾಡುತ್ತಾರೆ, ಖಾತೆಯಿಂದ ಹಣ ಕಡಿತವಾಗುತ್ತದೆ, ಅಂಗಡಿಯವರ ಸೌಂಡ್‌ಬಾಕ್ಸ್ ಮಾತಾಡುವುದಿಲ್ಲ. ಹಿಂದೆ ನಾಲ್ಕು ಜನ ನಿಂತಿರುತ್ತಾರೆ. ಗಾಬರಿಯಾಗಿ ಮನೆಗೆ ಬಂದು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ಸಿಗುವ ನಂಬರ್ ಎಷ್ಟೋ ಸಲ ಮೋಸಗಾರರದ್ದೇ ಆಗಿರುತ್ತದೆ. ಇನ್ನೂರು ರೂಪಾಯಿ ವಾಪಸ್ ತರಲು ಹೋಗಿ ಇಪ್ಪತ್ತು ಸಾವಿರ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಆದ್ದರಿಂದ ಇದನ್ನು ಅಪ್ಪನಿಗೆ ಮೊದಲೇ ಹೇಳಿಡಿ: ಸಿಕ್ಕಿಹಾಕಿಕೊಂಡ ಹಣಕ್ಕೆ ಏನೂ ಮಾಡಬೇಕಾಗಿಲ್ಲ. 2019ರ ಆರ್‌ಬಿಐ ನಿಯಮದಂತೆ ಅಂಗಡಿಗೆ ಕೊಟ್ಟ ಹಣ ಅವರಿಗೆ ಸೇರದಿದ್ದರೆ ಐದು ದಿನದೊಳಗೆ, ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ ತಾನಾಗೇ ವಾಪಸ್ ಬರಬೇಕು. ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿ ಕೊಡಬೇಕು. ಬರಲಿಲ್ಲವೋ, ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುವುದು. ಫೋನ್ ಮಾಡಲೇಬೇಕಾದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರ್‌ಗೆ ಮಾತ್ರ.

ಬೇರೆ ದಾರಿಗಳೂ ಇವೆ. ಯುಪಿಐ ಸರ್ಕಲ್ ಅಂತ 2024ರಲ್ಲಿ ಬಂತು. ನಿಮ್ಮ ಖಾತೆಯಿಂದಲೇ ಅಪ್ಪ ಹಣ ಕೊಡುವ ವ್ಯವಸ್ಥೆ. ಪೂರ್ತಿ ಅಧಿಕಾರ ಕೊಟ್ಟರೆ ತಿಂಗಳಿಗೆ 15,000ದವರೆಗೆ, ಒಂದು ಸಲಕ್ಕೆ 5,000ದವರೆಗೆ. ಇಲ್ಲವಾದರೆ ಅವರು ಸ್ಕ್ಯಾನ್ ಮಾಡಿದಾಗಲೆಲ್ಲ ನೀವು ಇಲ್ಲಿಂದ ಒಪ್ಪಿಗೆ ಕೊಡಬೇಕು. ಸುರಕ್ಷಿತ ಹೌದು. ಆದರೆ ಸ್ವಂತ ಪಿಂಚಣಿಯಲ್ಲಿ ಬದುಕುವ ಮೇಷ್ಟ್ರು ಕಾಯಿ ಚಟ್ನಿಗೆ ತೆಂಗಿನಕಾಯಿ ಕೊಳ್ಳಲು ಮಗಳ ಒಪ್ಪಿಗೆ ಕಾಯುವುದು ನನಗೆ ಸರಿ ಕಾಣುವುದಿಲ್ಲ. ನೀವು ಮೀಟಿಂಗಿನಲ್ಲಿದ್ದರೆ ಅವರು ಅಂಗಡಿಯ ಮುಂದೆ ನಿಂತೇ ಇರಬೇಕು. ಸ್ವಂತ ಆದಾಯ ಇಲ್ಲದ, ಅಥವಾ ಮರೆವು ಶುರುವಾದ ಹಿರಿಯರಿಗೆ ಇದು ಚೆನ್ನಾಗಿದೆ. ನಿಮ್ಮ ತಂದೆಗೆ ಬೇಡ.

ಯುಪಿಐ ಲೈಟ್‌ನಲ್ಲಿ ಫೋನಿನೊಳಗೇ 5,000ದವರೆಗೆ ಇಟ್ಟುಕೊಂಡು, ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಅಂಗಡಿಯಲ್ಲಿ ಎಲ್ಲರೆದುರು ಪಿನ್ ಒತ್ತುವ ಮುಜುಗರ ಇರುವವರಿಗೆ ಅನುಕೂಲ. ಫೋನ್ ಕಳೆದರೆ, ಅದಕ್ಕೆ ಲಾಕ್ ಇಲ್ಲದಿದ್ದರೆ, ಅದರೊಳಗಿನ ಹಣವನ್ನು ಮರೆಯಬೇಕು. ಕೀಪ್ಯಾಡ್ ಫೋನಿನಲ್ಲೇ ಕರೆ ಮಾಡಿ ಹಣ ಕಳಿಸುವ 'ಯುಪಿಐ 123ಪೇ' ಕೂಡ 2022ರಿಂದ ಇದೆ. ನಾನು ಹಲವರಿಗೆ ಕಲಿಸಿ ನೋಡಿದೆ. ಒಂದು ಒತ್ತಿ, ಎರಡು ಒತ್ತಿ ಅನ್ನುವುದರಲ್ಲೇ ಬೇಸತ್ತು ಬಿಟ್ಟವರೇ ಜಾಸ್ತಿ.

ಬರೀ ನಗದಿನಲ್ಲೇ ಇರುತ್ತೇನೆ ಅಂದರೆ ಅದೂ ಗೌರವದ ದಾರಿಯೇ. ನಗದು ಹಳೆಯ ಕಾಲದ್ದು ಅಂತ ಯಾರೂ ಅವರನ್ನು ಸಣ್ಣ ಮಾಡಬಾರದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ಕ್ಯೂಆರ್ ತೆಗೆದು "ನಗದು ಮಾತ್ರ" ಅಂತ ಬೋರ್ಡ್ ಹಾಕಿದ್ದು ನೀವೂ ನೋಡಿರುತ್ತೀರಿ. ಮಲೆನಾಡಿನ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ನೋಟೇ ಗತಿ. ಯುಪಿಐ ಇದ್ದವರೂ ಮನೆಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಬೇಕು. ಆದರೆ ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಬರೀ ನಗದಿನ ಬಳಕೆಯಲ್ಲ, ಕಾರ್ಡು ಮತ್ತು ಅದರ ಪಿನ್ ಎರಡೂ ಇನ್ನೊಬ್ಬರ ಕೈಗೆ ಹೋಗುತ್ತಿವೆ. ಹುಡುಗ ಒಳ್ಳೆಯವನೇ ಇರಬಹುದು. ನಾಳೆ ಲೆಕ್ಕದಲ್ಲಿ ಐದು ನೂರು ಹೆಚ್ಚುಕಡಿಮೆಯಾದರೆ ಎರಡು ಮನೆಯ ಸಂಬಂಧ ಕೆಡುತ್ತದೆ. ಪಿನ್ ಬೇರೆಯವರಿಗೆ ಕೊಟ್ಟಿದ್ದೀರಿ ಅಂತ ಗೊತ್ತಾದರೆ ಬ್ಯಾಂಕೂ ನಿಮ್ಮ ಪರ ನಿಲ್ಲುವುದಿಲ್ಲ. ಇದನ್ನು ಈ ವಾರವೇ ನಿಲ್ಲಿಸಿ, ಪಿನ್ ಬದಲಿಸಿ. ನಿಮ್ಮ ಪತ್ರದಲ್ಲಿರುವ ಅಪಾಯಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ಮುಂದೆ ಏನಾದರೂ ಆದರೆ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಆಮೇಲೆ ಬ್ಯಾಂಕು, ಆಮೇಲೆ ನಿಮಗೆ. ಮೋಸದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಹೋಗುತ್ತದೆ. ಅದು ದಾಟುವ ಮೊದಲು ತಡೆಹಿಡಿಸುವುದೇ ಆ ಕರೆಯ ಕೆಲಸ. 2017ರ ಜುಲೈನಲ್ಲಿ ಆರ್‌ಬಿಐ ಹೊರಡಿಸಿದ ನಿಯಮದ ಪ್ರಕಾರ, ನಾವೇ ವಿವರ ಕೊಟ್ಟು ಹೋದ ಹಣ ನಮ್ಮ ನಷ್ಟ, ಆದರೆ ಬ್ಯಾಂಕಿಗೆ ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ನಷ್ಟ. ನಾಲ್ಕು ದಿನ ಯಾಕೆ ಮುಖ್ಯ ಅಂತ ಇದರಿಂದಲೇ ಗೊತ್ತಾಗುತ್ತದೆ. ಹಳೆಯ 49,000ಕ್ಕೆ ಇನ್ನೂ ದೂರು ಕೊಟ್ಟಿಲ್ಲವಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಈಗಲಾದರೂ ಕೊಡಿ. ಹಣ ಬರುತ್ತದೆ ಅಂತ ಭರವಸೆ ಕೊಡಲಾರೆ. ಆದರೆ ತಪ್ಪು ಮಾಡಿದವನು ತಾನಲ್ಲ, ದೂರು ಇರುವುದು ಇನ್ನೊಬ್ಬನ ಮೇಲೆ ಅನ್ನುವುದನ್ನು ಅಪ್ಪ ಒಂದು ಕಾಗದದ ಮೇಲೆ ನೋಡಬೇಕು.

ಒತ್ತಾಯದ ಬಗ್ಗೆ ಕೇಳಿದ್ದೀರಿ. ಬೇಡ. ಫೋನಿನಲ್ಲಿ ಹೇಳಿಕೊಡುವುದೂ ಬೇಡ. ಊರಿಗೆ ಹೋದಾಗ ನಾಲ್ಕು ದಿನ ಇರುವಂತೆ ಹೋಗಿ. ಮೊದಲ ದಿನ ಬ್ಯಾಂಕಿನ ಕೆಲಸ ಮುಗಿಸಿ. ಖಾತೆಯಲ್ಲಿ 500 ರೂಪಾಯಿ ಮಾತ್ರ ಹಾಕಿ, "ಇದು ಪೂರ್ತಿ ಹೋದರೂ ಹೋಗಲಿ" ಅಂತ ಅವರೆದುರೇ ಹೇಳಿ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರೂ ಕಲಿಯಲಿ, ಮುಂದಿನ ಸಲ ಹೆದರಿಸುವ ಕರೆ ಬಂದಾಗ ಮನೆಯಲ್ಲಿ ಇನ್ನೊಂದು ಜೊತೆ ಕಿವಿ ಇರುತ್ತದೆ. ಅಪ್ಪ ತಡವರಿಸಿದಾಗ ಫೋನ್ ಕಿತ್ತುಕೊಂಡು ನೀವೇ ಒತ್ತಬೇಡಿ. ಮಕ್ಕಳು ಮಾಡುವ ದೊಡ್ಡ ತಪ್ಪು ಇದು. ಮೇಷ್ಟ್ರಿಗೆ ಅಲ್ವಾ, ಒಂದು ರೂಲ್ಡ್ ನೋಟ್‌ಬುಕ್ ಕೊಡಿ. ಹೆಜ್ಜೆಗಳನ್ನು ಅವರ ಕೈಬರಹದಲ್ಲಿ, ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಮೊದಲ ಪುಟದ ಮೇಲೆ 1930 ಇರಲಿ.

ಆಮೇಲೆ ಹಾಲು ತರಲು ಅವರೊಬ್ಬರನ್ನೇ ಕಳಿಸಿ. ನೀವು ಮನೆಯಲ್ಲೇ ಇರಿ. ಹಣ ಕೊಡುವ ಮುಂಚೆ ಪರದೆಯ ಮೇಲೆ ಅಂಗಡಿಯವರ ಹೆಸರು ಬರುತ್ತದೆ, ಅದನ್ನು ಗಟ್ಟಿಯಾಗಿ ಓದಿ ಕೇಳಿಯೇ ಪಿನ್ ಒತ್ತುವಂತೆ ಹೇಳಿ. ನನ್ನ ಹತ್ತಿರ ಕಲಿತ ಒಬ್ಬ ಅಜ್ಜ ಈಗಲೂ ಹಾಗೇ ಓದುತ್ತಾರೆ, ಅಂಗಡಿಯವನು "ಹೌದು ಸಾರ್, ನಮ್ಮ ತಾಯಿ ಹೆಸರು" ಅಂತ ಪ್ರತಿ ಸಲವೂ ಹೇಳುತ್ತಾನೆ.